ಜಡೆ ಬಿಚ್ಚಿದ ಕೊಳವೆ

ನಮ್ಮ ಊರಿನ ಬೀದಿ ಕೊಳವೆಯಲ್ಲಿ ಹರಿಯುವುದು ನೀರಲ್ಲ, ಕುಳಿರು. ನೀರನ್ನು ನಾವೂ ಎಲ್ಲರ ಹಾಗೆ ಬಾವಿಯಿಂದ ಸೇದಿಕೊಳ್ಳುತ್ತೇವೆ, ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಕುಳಿರು ಬರುವುದು ಊರ ನೆತ್ತಿಯ ಮೇಲಿನ ಬೋಳುಗುಡ್ಡದ ಹೊಂಡದಿಂದ. ನೋಡುವುದಕ್ಕೆ ನೀರಿನಷ್ಟೇ ತಿಳಿ. ಆದರೆ ನೆಲಕ್ಕೆ ಚೆಲ್ಲಿದರೆ ಮಣಿಮಣಿಯಾಗಿ ಓಡಾಡಿ, ಒದ್ದೆಯ ಗುರುತನ್ನೂ ಉಳಿಸದೆ ಹೊಗೆಯಾಗಿ ಹೋಗಿಬಿಡುತ್ತದೆ. ಅದರಲ್ಲಿ ಬೆರಳು ಅದ್ದಿ ನೋಡೋಣ ಅಂದುಕೊಂಡವನು ಆ ಬೆರಳಿನ ಆಸೆ ಬಿಡಬೇಕು. ಹಾಗೆ ಬಿಟ್ಟವರು ಊರಲ್ಲಿ ಒಂದಿಬ್ಬರಿದ್ದಾರೆ, ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತಾಗ ಗುರುತು ಸಿಗುತ್ತಾರೆ.

ಕುಳಿರು ಇಲ್ಲದೆ ಇಲ್ಲಿ ಬದುಕುವುದು ಆಗದ ಮಾತು. ಶಿವರಾತ್ರಿ ಕಳೆಯಿತೆಂದರೆ ಕಾಗೆಗಳು ಹಾರುವುದನ್ನು ಬಿಟ್ಟು ನೆರಳಿನಿಂದ ನೆರಳಿಗೆ ನಡೆದುಕೊಂಡು ಹೋಗುವ ಊರು ನಮ್ಮದು. ಕಂಬಗಳ ಮೇಲೆ ತಲೆಗಿಂತ ತುಸು ಎತ್ತರದಲ್ಲಿ ಹಾದುಹೋಗುವ ಬೀದಿ ಕೊಳವೆಯಿಂದ ಒಂದೊಂದು ಸಣ್ಣ ಕವಲು ಒಂದೊಂದು ಮನೆಯ ಮಣ್ಣುಗೋಡೆಯೊಳಗೆ ಸುತ್ತಿ ಹೋಗುತ್ತದೆ. ಗೋಡೆ ತಣ್ಣಗಾಗುತ್ತದೆ, ಗೋಡೆಗೆ ಬೆನ್ನು ಕೊಟ್ಟವರು ತಣ್ಣಗಾಗುತ್ತಾರೆ. ಹೊಸಬರು ಯಾರಾದರೂ ಮಧ್ಯಾಹ್ನದ ಹೊತ್ತು ಬಂದು ನೋಡಿದರೆ, ಇಡೀ ಸಂಸಾರ ಸಾಲಾಗಿ ಗೋಡೆಗೆ ಅಂಟಿಕೊಂಡು ಕೂತಿರುತ್ತದೆ. ಇವರೆಲ್ಲ ಏನೋ ತಪ್ಪು ಮಾಡಿ ಶಿಕ್ಷೆ ಅನುಭವಿಸುತ್ತಿದ್ದಾರೆ ಎಂದೇ ಅವರು ತಿಳಿಯುತ್ತಾರೆ.

ನನ್ನ ಹೆಸರು ಸಣ್ಣೀರಪ್ಪ. ಆ ಕೊಳವೆಗೆ ಬಾಗು ಹಾಕುವುದು ನನ್ನ ಕೆಲಸ. ನಮ್ಮಪ್ಪನ ಕೆಲಸವೂ ಅದೇ ಆಗಿತ್ತು. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ, ತಿಥಿಯ ದಿನ ಅವರ ಮನೆಯ ಮುಂದೆ ಬೀದಿ ಕೊಳವೆಯ ಒಂದು ತುಂಡನ್ನು ಕತ್ತರಿಸಿ, ಆ ಜಾಗಕ್ಕೆ ಸತ್ತವರ ಗುರುತಿನ ಆಕಾರದಲ್ಲಿ ಬಗ್ಗಿಸಿದ ತುಂಡನ್ನು ಕೂಡಿಸುತ್ತೇವೆ. ದರ್ಜಿಯಾಗಿದ್ದವನಿಗೆ ಕತ್ತರಿಯ ಹಿಡಿ, ಗೂನುಬೆನ್ನಿನ ಅಜ್ಜಿಗೆ ಅವಳ ಬೆನ್ನು, ಜನ್ಮವಿಡೀ ಕಾಲು ಮಡಚಿಕೊಂಡು ಕಟ್ಟೆಯ ಮೇಲೆ ಕೂತೇ ಕಳೆದ ಸೋಮಾರಿಗೆ ಅವನ ಮೊಣಕಾಲು. ಕೊಳವೆಯ ಉಳಿದ ಮೈಗೆಲ್ಲ ದಪ್ಪಗೆ ತೆಂಗಿನ ನಾರು ಸುತ್ತಿರುತ್ತದೆ, ಬಾಗನ್ನು ಮಾತ್ರ ಬರಿದಾಗಿ ಬಿಡುತ್ತೇವೆ. ಅದರ ಮೇಲೆ ಬೆಳ್ಳಗೆ ಮಂಜು ಕಟ್ಟುತ್ತದೆ. ಒಳಗೆ ಕುಳಿರು ಸುತ್ತಿ ಹೋಗುವಾಗ ಒಂದು ಸದ್ದು ಬರುತ್ತದೆ. ಆ ಸದ್ದನ್ನು ನಾವು ಸತ್ತವರ ಮಾತು ಅನ್ನುತ್ತೇವೆ.

ತಾಮ್ರದ ಕೊಳವೆಯನ್ನು ಸುಮ್ಮನೆ ಬಗ್ಗಿಸಿದರೆ ಚಪ್ಪಟೆಯಾಗುತ್ತದೆ. ಅದಕ್ಕೆ ಒಳಗೆ ಒಣ ಮರಳು ತುಂಬಿ, ಎರಡೂ ಬಾಯಿಗೆ ಮರದ ಬೆಣೆ ಹೊಡೆದು, ಕುಲುಮೆಯಲ್ಲಿ ಕಾಯಿಸಿ, ಗೂಟಕ್ಕೆ ಆನಿಸಿ ಎಳೆಯಬೇಕು. ನಮ್ಮಪ್ಪ ಮರಳನ್ನು ಜಡಿದು ಜಡಿದು ತುಂಬುತ್ತಿದ್ದ. ಅವನ ಬಾಗುಗಳು ಎತ್ತಿನ ಕೊಂಬಿನ ಹಾಗೆ ಅಗಲವಾಗಿ, ಸಲೀಸಾಗಿ ತಿರುಗುತ್ತಿದ್ದವು. ಅವುಗಳಿಂದ ಸದ್ದು ಬರುತ್ತಿದ್ದದ್ದು ಅಷ್ಟಕ್ಕಷ್ಟೆ. ಆ ಕಾಲದವರು ಮಾತು ಕಡಿಮೆ ಎಂದು ಜನ ಸಮಾಧಾನ ಹೇಳಿಕೊಳ್ಳುತ್ತಿದ್ದರು. ನಾನು ಕೆಲಸಕ್ಕೆ ಕೂತ ಮೇಲೆ ಮರಳನ್ನು ಒಂದು ಹಿಡಿ ಕಡಿಮೆ ತುಂಬತೊಡಗಿದೆ. ತಿರುವಿನ ಜಾಗದಲ್ಲಿ ಕೊಳವೆಯ ಕತ್ತು ಇಷ್ಟೇ ಇಷ್ಟು ಹಿಸುಕಿದ ಹಾಗಾಗುತ್ತಿತ್ತು. ಕುಳಿರು ಅಲ್ಲಿ ನುಗ್ಗುವಾಗ ಗುಣುಗುಟ್ಟುತ್ತಿತ್ತು, ಪಿಸುಗುಡುತ್ತಿತ್ತು, ಒಮ್ಮೊಮ್ಮೆ ನಕ್ಕ ಹಾಗೂ ಕೇಳಿಸುತ್ತಿತ್ತು. ಸಣ್ಣೀರಪ್ಪನ ಕೈಯಲ್ಲಿ ಸತ್ತವರಿಗೆ ಬಾಯಿ ಬರುತ್ತದೆ ಎಂದು ಊರೆಲ್ಲ ಕೊಂಡಾಡಿತು. ನಾನೂ ಸ್ವಲ್ಪ ಉಬ್ಬಿದೆ, ಇಲ್ಲ ಅನ್ನುವುದಿಲ್ಲ.

ನಮ್ಮಾಕೆ ತೀರಿಕೊಂಡಾಗ ನನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಅವಳ ಬಾಗಿಗೆ ಹಾಕಿದೆ. ಅವಳ ಜಡೆ ಉದ್ದವಾಗಿತ್ತು. ಕೊಳವೆಯನ್ನು ಜಡೆಯ ಹಾಗೆ ಒಂದರ ಮೇಲೊಂದು ಸುತ್ತು ತಂದು, ಸುತ್ತು ಸುತ್ತಿಗೂ ಕತ್ತು ಹಿಸುಕಿ ಕೂಡಿಸಿದೆ. ನಮ್ಮ ಮನೆ ಇರುವುದು ಮೇಲುಬೀದಿಯಲ್ಲಿ. ಅದರ ಮೇಲೆ ಇರುವುದೆಲ್ಲ ನಮ್ಮಪ್ಪನ ಕಾಲದ ಬಾಗುಗಳು. ಹಾಗಾಗಿ ಗುಡ್ಡದಿಂದ ಇಳಿದು ಬರುವವರಿಗೆ ಮೊದಲು ಕೇಳಿಸುವ ಸ್ಪಷ್ಟವಾದ ಮಾತು ನಮ್ಮಾಕೆಯದು. ಬೆಳಿಗ್ಗೆ ಎದ್ದು ಕಟ್ಟೆಯ ಮೇಲೆ ಕೂತು, ಅವಳ ಕೆಳಗೆ ಇಳಿಯುವ ತಂಪು ಹೊಗೆಯಲ್ಲಿ ಕಾಲು ಚಾಚಿಕೊಂಡು, ಅವಳು ಮೆಲುದನಿಯಲ್ಲಿ ಏನೋ ಹೇಳುತ್ತಿರುವುದನ್ನು ಕೇಳುತ್ತ ಟೀ ಕುಡಿಯುವುದು ನನ್ನ ಸುಖ. ಒಂಟಿತನ ಅಂದರೆ ಏನು ಅಂತ ನನ್ನನ್ನು ಯಾರಾದರೂ ಕೇಳಿದ್ದರೆ ನಕ್ಕುಬಿಡುತ್ತಿದ್ದೆ.

ಕೊಳವೆ ಕೊನೆಗೆ ಮುಟ್ಟುವುದು ಬಾಲದಕೇರಿಯನ್ನು. ನಮ್ಮ ಕೊಳವೆಗೆ ಸುತ್ತುವ ನಾರನ್ನು ಹೊಸೆದು ಕೊಡುವವರು ಆ ಕೇರಿಯವರೇ. ಅಲ್ಲಿಗೆ ಕುಳಿರು ಹೋಗುತ್ತದೆ ಎಂದು ನಾವೆಲ್ಲ ತಿಳಿದುಕೊಂಡಿದ್ದೆವು, ಕೊಳವೆ ಹೋಗಿದೆಯಲ್ಲ. ಅಲ್ಲಿಯ ಜನ ಎದುರಿಗೆ ನಿಂತವರ ಹತ್ತಿರವೂ ಕೂಗಿಯೇ ಮಾತಾಡುತ್ತಿದ್ದರು. ಅದನ್ನು ನಾವು ಅವರ ಒರಟುತನ ಅಂದುಕೊಂಡಿದ್ದೆವು.

ಆ ವರ್ಷದ ಬಿಸಿಲು ಏರುವ ಮೊದಲೇ ಬಾಲದಕೇರಿಯ ಮಾರಕ್ಕ ಎಂಬ ಹೆಂಗಸು ಯಜಮಾನ ಪರಮೇಶ್ವರಯ್ಯನವರ ಜಗಲಿಗೆ ಬಂದಳು. ಹೊಂಡದ ಬಾಯಿಯ ತೂಬನ್ನು ಏರಿಸುವುದು ಇಳಿಸುವುದು ಅವರ ಮನೆತನದ ಹಕ್ಕು. ನಾನೂ ಅಲ್ಲೇ ಕೂತಿದ್ದೆ. ತಮ್ಮ ಗೋಡೆಗಳು ತಣ್ಣಗಾಗುತ್ತಿಲ್ಲ, ಬರುವುದು ಬರೀ ಹಬೆ, ಅದೂ ಕೆಮ್ಮುತ್ತ ಕೆಮ್ಮುತ್ತ ಬರುತ್ತದೆ ಎಂದು ಅವಳು ಕೂಗಿ ಹೇಳಿದಳು. ಯಜಮಾನರು ಮೆಲ್ಲಗೆ ಮಾತಾಡು ತಾಯಿ ಎಂದರು. ಅವಳು ದನಿ ತಗ್ಗಿಸಲು ನೋಡಿದಳು, ಆಗಲಿಲ್ಲ.

"ನನ್ ಮಗ್ಳು ಲಚ್ಚಿಗೆ ಬೆವ್ರು ಅನ್ನೋದೇ ಬರಾಕಿಲ್ಲ ಯಜಮಾನ್ರೇ. ಹುಟ್ಟಿದಾಗ್ಲಿಂದ ಹಂಗೇ. ಬಿಸ್ಲು ಏರಿದ್ರೆ ಮೈ ಕಾದು ಕೆಂಡ ಆಗ್ತದೆ, ಕಣ್ ಮ್ಯಾಲೆ ಹೋಗ್ತದೆ. ದೊಡ್ಡೋಳು ಸಾಕಿಗೂ ಹಂಗೇ ಇತ್ತು. ಹೋದ ಬ್ಯಾಸ್ಗೇಲಿ ಸಾಕಿ ಹೋಗ್ಬಿಡ್ತು. ಇದನ್ನಾದ್ರೂ ಉಳಿಸ್ಕೊಡ್ರಿ."

ಜಗಲಿಯ ಮೇಲಿದ್ದವರೆಲ್ಲ ತಲೆ ತಗ್ಗಿಸಿದರು. ಮಗುವಿನ ಸಂಕಟ ಕೇಳಿ ಮಾತ್ರವಲ್ಲ, ಅವಳು ಸತ್ತ ಮಗಳ ಹೆಸರನ್ನು ಬಾಯಲ್ಲಿ ಆಡಿದ್ದಕ್ಕೆ. ನಮ್ಮಲ್ಲಿ ಬಾಗು ಹಾಕಿದ ಮೇಲೆ ಸತ್ತವರ ಹೆಸರನ್ನು ಯಾರೂ ಎತ್ತುವುದಿಲ್ಲ, ಅವರ ವಿಷಯವನ್ನು ಮಾತಾಡುವುದಿಲ್ಲ. ಅವರ ಮಾತನ್ನು ಅವರೇ ಆಡುತ್ತಿರುವಾಗ ನಡುವೆ ನಾವು ಬಾಯಿ ಹಾಕಬಾರದು ಎಂಬುದು ರೂಢಿ. ಬಾಲದಕೇರಿಯಲ್ಲಿ ಬಾಗುಗಳೇ ಇರಲಿಲ್ಲ. ಹಬೆಗೆ ಎಂಥ ಬಾಗು ಹಾಕಿದರೂ ಮಾತು ಹುಟ್ಟುವುದಿಲ್ಲ. ಪಾಪ, ಅವರು ಸತ್ತವರನ್ನು ತಾವೇ ಹೇಳಿಕೊಂಡು ತಿರುಗಬೇಕಿತ್ತು.

ಪರಮೇಶ್ವರಯ್ಯನವರು ಕೆಟ್ಟವರಲ್ಲ. ಕೊನೆಗೆ ಮುಟ್ಟುತ್ತಿಲ್ಲವೆಂದರೆ ಮೇಲಿನಿಂದ ಬಿಡುವುದು ಸಾಲುತ್ತಿಲ್ಲ, ತೂಬನ್ನು ಇನ್ನಷ್ಟು ಎತ್ತಿದರಾಯಿತು ಎಂದು ಆಗಲೇ ಹೋಗಿ ಎತ್ತಿಸಿದರು. ನಾನೂ ಅದೇ ಸರಿ ಎಂದು ತಲೆಯಾಡಿಸಿದವನು. ಮಾರಕ್ಕ ಎಲ್ಲರಿಗೂ ಕೈಮುಗಿದು ಹೋದಳು.

ಮಾರನೆಯ ಬೆಳಿಗ್ಗೆ ಮೇಲುಬೀದಿಯಲ್ಲಿ ಹಬ್ಬ. ಕುಳಿರು ಜೋರಾಗಿ ನುಗ್ಗಿದ್ದರಿಂದ ಬಾಗುಗಳೆಲ್ಲ ಹಿಂದೆಂದೂ ಇಲ್ಲದಷ್ಟು ಗಟ್ಟಿಯಾಗಿ ಮಾತಾಡುತ್ತಿದ್ದವು. ಹೆಂಗಸರು ಒಲೆಯ ಮೇಲಿಟ್ಟದ್ದನ್ನು ಹಾಗೇ ಬಿಟ್ಟು ಹೊರಗೆ ಬಂದು ನಿಂತಿದ್ದರು. ದರ್ಜಿಯ ಮಗ ಅಪ್ಪನ ಕತ್ತರಿಯ ಕೆಳಗೆ ನಿಂತು, ಅಪ್ಪ ಇವತ್ತು ಯಾರಿಗೋ ಬಯ್ಯುತ್ತಿದ್ದಾನೆ ಎಂದು ಕಣ್ಣೊರೆಸಿಕೊಂಡು ನಗುತ್ತಿದ್ದ. ಪರಮೇಶ್ವರಯ್ಯನವರ ತಾಯಿಯ ಬಾಗು ನಮ್ಮ ಮನೆಯಿಂದ ಸ್ವಲ್ಪ ಕೆಳಗಿದೆ, ಮಡಿಸಿದ ಸೆರಗಿನ ಆಕಾರದ್ದು. ಅವರು ಅದರ ಮುಂದೆ ಕುರ್ಚಿ ಹಾಕಿಸಿಕೊಂಡು ಮಧ್ಯಾಹ್ನದವರೆಗೂ ಏಳಲಿಲ್ಲ. ನಮ್ಮಾಕೆ ಎಡೆಬಿಡದೆ ಮಾತಾಡುತ್ತಿದ್ದಳು. ನಾನು ಎರಡನೆಯ ಲೋಟ ಟೀ ಹಾಕಿಕೊಂಡೆ. ಬಾಲದಕೇರಿಗೆ ಒಳ್ಳೆಯದಾಗಲಿ, ಅವರಿಂದ ನಮಗೂ ಒಳ್ಳೆಯದಾಯಿತು ಎಂದು ಎಲ್ಲರೂ ಮಾತಾಡಿಕೊಂಡೆವು.

ಕೆಲವು ದಿನಗಳ ಮೇಲೆ ನಾರು ತರಲು ನಾನು ಬಾಲದಕೇರಿಗೆ ಇಳಿದೆ. ಕೇರಿಗೆ ಕಾಲಿಡುವ ಮೊದಲೇ ಕೆಮ್ಮು ಕೇಳಿಸಿತು. ಪ್ರತಿ ಮನೆಯ ಗೋಡೆಯೊಳಗಿಂದಲೂ ಖೊಕ್ ಖೊಕ್ ಎಂದು ಹಬೆ ಒದರುತ್ತಿತ್ತು. ಮಾರಕ್ಕನ ಮನೆಯೊಳಗೆ ಹೋದರೆ ನನ್ನ ಮಾತು ನನಗೇ ಕೇಳಿಸಲಿಲ್ಲ. ಅವರು ಕೂಗಿ ಮಾತಾಡುವುದು ಏಕೆಂದು ಅವತ್ತು ತಿಳಿಯಿತು, ನಾಚಿಕೆಯೂ ಆಯಿತು. ಲಚ್ಚಿ ಎಂಬ ಆ ಹುಡುಗಿ ಒದ್ದೆ ಗೋಣಿಯ ಮೇಲೆ ಮಲಗಿತ್ತು. ಮುಟ್ಟಿ ನೋಡಿದೆ, ಹಣೆ ಸುಡುತ್ತಿತ್ತು, ಆದರೆ ಒಂದು ಹನಿ ಬೆವರಿಲ್ಲ. ಗೋಡೆ ಮುಟ್ಟಿದೆ. ಅದೂ ಬೆಚ್ಚಗಿತ್ತು. ತೂಬು ಎತ್ತಿದ ಮೇಲೆ ಮೊದಲಿಗಿಂತ ಕಡಿಮೆಯಾಗಿದೆ, ಕೆಮ್ಮು ಮಾತ್ರ ಜಾಸ್ತಿಯಾಗಿದೆ ಎಂದು ಮಾರಕ್ಕ ಕೂಗಿದಳು. ನೀರು ತಟ್ಟಿ ತಟ್ಟಿ ಅವಳ ಅಂಗೈ ಸುಕ್ಕಾಗಿತ್ತು.

ನನಗೆ ಬೇರೇನೂ ತೋಚಲಿಲ್ಲ. ಹುಡುಗಿಯನ್ನು ಎತ್ತಿಕೊಂಡು ಬಾ ಎಂದು ಹೇಳಿ, ಇಬ್ಬರನ್ನೂ ನಮ್ಮ ಕಟ್ಟೆಗೆ ಕರೆತಂದು ನಮ್ಮಾಕೆಯ ಕೆಳಗೆ ಕೂರಿಸಿದೆ. ಮೇಲಿನಿಂದ ಬಿಳಿ ಹೊಗೆ ಇಳಿದು ಹುಡುಗಿಯ ತಲೆ, ಹೆಗಲು ಎಲ್ಲವನ್ನೂ ಮುಚ್ಚಿತು. ನಿಧಾನಕ್ಕೆ ಅದರ ಮುಖದ ಕೆಂಪು ಇಳಿಯಿತು. ಕಣ್ಣು ಬಿಟ್ಟು, ಮೇಲೆ ಗುಣುಗುಡುತ್ತಿದ್ದ ಜಡೆಯನ್ನು ಬಹಳ ಹೊತ್ತು ನೋಡಿತು.

"ನಿಮ್ಮನೇದೂ ಕೆಮ್ತದಾ?" ಎಂದು ನನ್ನನ್ನು ಕೇಳಿತು.

ಮಾರಕ್ಕ ಅದರ ಬಾಯಿ ಮುಚ್ಚಲು ಹೋದಳು. ನನಗೆ ಕೋಪ ಬಂದದ್ದು ನಿಜ. ಅದು ಕೆಮ್ಮಲ್ಲ, ನಮ್ಮ ಮನೆಯವಳು ಮಾತಾಡುತ್ತಿರುವುದು ಎಂದು ಸ್ವಲ್ಪ ಗಡುಸಾಗಿಯೇ ಹೇಳಿದೆ. ಹುಡುಗಿ ಮತ್ತೆ ಕಿವಿಗೊಟ್ಟಿತು. ದೊಡ್ಡವರ ಮಾತಿಗೆ ಎದುರಾಡಬಾರದೆಂದು ಸುಮ್ಮನಾಯಿತು, ಒಪ್ಪಿಕೊಂಡು ಅಲ್ಲ. ಅವರು ಸಂಜೆ ಬಿಸಿಲಿಳಿದ ಮೇಲೆ ಹೋದರು. ನಾನು ಕೂತೇ ಇದ್ದೆ. ಒಂದು ಸಲ ಕೆಮ್ಮು ಅಂತ ಕೇಳಿಸಿದ ಮೇಲೆ ಏನು ಮಾಡಿದರೂ ಅದು ಕೆಮ್ಮಿನ ಹಾಗೇ ಕೇಳಿಸತೊಡಗಿತು. ಆ ಮಗುವಿನ ಮೇಲೆ ಇನ್ನೂ ಸಿಟ್ಟಾದೆ.

ಮರುದಿನ ಕೊಳವೆಯ ಜೊತೆ ನಡೆದು ನೋಡಿದೆ. ಮೇಲೆ ಹೊಂಡದ ಹತ್ತಿರ ಅಪ್ಪನ ಬಾಗುಗಳ ಮೇಲೆ ಮಂಜು ಕೈಯಗಲ ದಪ್ಪ ಕಟ್ಟಿತ್ತು. ಸದ್ದಿಲ್ಲ. ನಮ್ಮಾಕೆಯ ಜಡೆಯ ಮೊದಲ ಸುತ್ತಿನವರೆಗೂ ಅಷ್ಟೇ ದಪ್ಪ. ಎರಡನೆಯ ಸುತ್ತಿಗೆ ಮಾತು ಶುರು, ಮಂಜು ತೆಳು. ಕೊನೆಯ ಸುತ್ತು ದಾಟಿದ ಮೇಲೆ ಇನ್ನೂ ತೆಳು. ಅಲ್ಲಿಂದ ಕೆಳಕ್ಕೆ ಪ್ರತಿ ಬಾಗೂ ಮಾತಾಡುತ್ತದೆ, ಮಾತಾಡಿದಷ್ಟೂ ಮಂಜು ಕಡಿಮೆಯಾಗುತ್ತ ಬರುತ್ತದೆ. ಬಾಲದಕೇರಿಯ ತಿರುವಿನಲ್ಲಿ ಬರಿಯ ತಾಮ್ರ, ಅದರ ಮೇಲೆ ನೊಣ ಕೂತಿತ್ತು.

ಇಷ್ಟು ವರ್ಷ ಕೊಳವೆ ಬಗ್ಗಿಸಿದವನಿಗೆ ಆಮೇಲೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಿಸುಕಿದ ಕತ್ತಿನಲ್ಲಿ ಕುಳಿರು ನುಗ್ಗುವಾಗ ಅದರ ಒತ್ತಡ ಇಳಿದುಹೋಗುತ್ತದೆ. ಒತ್ತಡ ಇಳಿದ ಕಡೆ ಅದು ಕುದಿಯುತ್ತದೆ. ಕುದಿಯುವ ಸದ್ದೇ ಮಾತು. ಕುದ್ದು ಹಬೆಯಾದದ್ದು ಮತ್ತೆ ಕುಳಿರಾಗುವುದಿಲ್ಲ. ತೂಬು ಎತ್ತಿದರೆ ಇನ್ನೂ ಜೋರಾಗಿ ನುಗ್ಗುತ್ತದೆ, ಇನ್ನೂ ಹೆಚ್ಚು ಕುದಿಯುತ್ತದೆ, ನಾವು ಇನ್ನೂ ಹೆಚ್ಚು ಕಣ್ಣೊರೆಸಿಕೊಳ್ಳುತ್ತೇವೆ. ನಾವು ಮೇಲೆ ಕೂತು ಕೇಳುತ್ತಿದ್ದ ಒಂದೊಂದು ಪಿಸುಮಾತೂ ಬಾಲದಕೇರಿಗೆ ಮುಟ್ಟಬೇಕಾಗಿದ್ದ ತಂಪೇ. ಮನೆಗೆ ಹೋಗಿ ಸುಮ್ಮನೆ ಮಲಗಿದೆ.

ಊರವರನ್ನು ಜಗಲಿಯಲ್ಲಿ ಸೇರಿಸಿ ಹೇಳಿದೆ. ಯಾರೂ ನನ್ನನ್ನು ಸುಳ್ಳುಗಾರ ಅನ್ನಲಿಲ್ಲ. ಬಾಗು ತೆಗೆಯಲೇಬೇಕು ಎಂದು ಎಲ್ಲರೂ ಒಪ್ಪಿದರು, ತಮ್ಮದೊಂದನ್ನು ಬಿಟ್ಟು. ಒಬ್ಬನಿಗೆ ಮಗಳ ಮದುವೆ ಹತ್ತಿರವಿತ್ತು, ಅಜ್ಜನ ಮಾತು ಕೇಳದೆ ಧಾರೆ ಎರೆಯುವುದು ಹೇಗೆ. ಇನ್ನೊಬ್ಬಳ ಗಂಡ ಬದುಕಿದ್ದಾಗ ಒಂದು ಒಳ್ಳೆ ಮಾತಾಡಿದವನಲ್ಲ, ಅದು ಎಲ್ಲರಿಗೂ ಗೊತ್ತು. ಈಗ ಆಡುತ್ತಿದ್ದಾನೆ, ಅದನ್ನೂ ಕಸಿದುಕೊಳ್ಳುತ್ತೀರಾ ಎಂದು ಅವಳು ಅತ್ತಳು. ಸೋಮಾರಿಯ ಮೊಣಕಾಲನ್ನು ತೆಗೆಯಬಹುದು ಎಂದು ಯಾರೋ ಸೂಚಿಸಿದರು. ಅವನಿಗೂ ಒಬ್ಬ ತಂಗಿಯಿದ್ದಳು, ಎದ್ದು ನಿಂತಳು. ಯಾರ ಮೇಲೂ ಸಿಟ್ಟು ಮಾಡುವ ಹಾಗಿರಲಿಲ್ಲ. ನನ್ನ ನಾಲಿಗೆಯ ಮೇಲೂ ಅಂಥದ್ದೇ ಒಂದು ಕಾರಣ ತಯಾರಾಗಿ ಕೂತಿತ್ತು. ನಮ್ಮಾಕೆಯದನ್ನು ತೆಗೆದರೆ ನಾನು ಬೆಳಿಗ್ಗೆ ಏಳುವುದಾದರೂ ಯಾತಕ್ಕೆ.

ಅಷ್ಟರಲ್ಲಿ ಬಾಲದಕೇರಿಯಿಂದ ಸುದ್ದಿ ಬಂತು. ಲಚ್ಚಿಗೆ ಮತ್ತೆ ಕಣ್ಣು ಮೇಲಾಗಿದೆ, ಮೇಲಕ್ಕೆ ಹೊತ್ತುಕೊಂಡು ಬರುತ್ತಿದ್ದಾರೆ. ಈ ಬಿಸಿಲಿನಲ್ಲಿ ಎಷ್ಟು ಸಲ ಹೊತ್ತುಕೊಂಡು ಬಂದಾರು, ಒಂದು ದಿನ ದಾರಿಯಲ್ಲೇ ಮುಗಿಯುತ್ತದೆ. ನಾನು ಎದ್ದು ಪರಮೇಶ್ವರಯ್ಯನವರಿಗೆ, ತೂಬು ಮುಚ್ಚಿಸಿ, ನನ್ನ ಮನೆಯ ಬಾಗನ್ನು ತೆಗೆಯುತ್ತೇನೆ ಎಂದೆ. ಯಾರ ಮನೆಯ ಬಾಗು ಅವರ ಹಕ್ಕು, ಅವರು ಬೇಡ ಅನ್ನುವ ಹಾಗಿರಲಿಲ್ಲ.

"ನಿನ್ನ ಮನೇದು, ನಿನ್ನಿಷ್ಟ ಸಣ್ಣೀರಪ್ಪ. ಒಂದು ಸಲ ಬಿಚ್ಚಿದ್ರೆ ನಿನ್ನ ಕೈಯಲ್ಲೂ ಅದೇ ಮಾತು ಮತ್ತೆ ಬರಲ್ಲ. ನೆನಪಿರಲಿ," ಎಂದರು.

ನೆನಪಿತ್ತು. ತೂಬು ಮುಚ್ಚಿದ ಮೇಲೆ ಕೊಳವೆಯಲ್ಲಿ ಉಳಿದ ಕುಳಿರು ಖಾಲಿಯಾಗುವ ತನಕ ಕಾಯಬೇಕು. ಅಷ್ಟು ಹೊತ್ತು ಮಾರಕ್ಕ ಮತ್ತು ಲಚ್ಚಿಯನ್ನು ಹೊಂಡದ ಪಕ್ಕದ ತಂಪಾದ ತೂಬಿನ ಮನೆಯಲ್ಲಿ ಕೂರಿಸಲು ಪರಮೇಶ್ವರಯ್ಯನವರೇ ಬೀಗ ತೆಗೆಸಿಕೊಟ್ಟರು. ನಾನು ಜಡೆಯ ಕೆಳಗೆ ಕೂತೆ. ಹರಿವು ಕಡಿಮೆಯಾದ ಹಾಗೆ ಅದು ಬಡಬಡಿಸಿತು, ಆಮೇಲೆ ತಡೆತಡೆದು ಒಂದೊಂದೇ ಮಾತು, ಆಮೇಲೆ ಇಲ್ಲ. ಮಂಜು ಕರಗಿ ತೊಟ್ಟಿಕ್ಕಿತು. ಅವಳು ಎರಡನೆಯ ಸಲ ಹೋದಳು. ಮೊದಲನೆಯ ಸಲ ನಾನು ಅಳಲಿಲ್ಲ, ಬಾಗು ಹಾಕುವ ಗಡಿಬಿಡಿಯಲ್ಲಿದ್ದೆ. ಅವತ್ತು ಬೀದಿಯಲ್ಲೇ ಕೂತು ಅತ್ತೆ.

ಊರಿನಲ್ಲಿ ಬೇರೆ ತಾಮ್ರವಿರಲಿಲ್ಲ. ಆ ಜಡೆಯನ್ನೇ ನೇರ ಮಾಡಿ ಕೂಡಿಸಬೇಕಿತ್ತು. ಕತ್ತರಿಸಿ ತಂದು ಕುಲುಮೆಯಲ್ಲಿ ಕಾಯಿಸಿ, ಒಂದೊಂದೇ ಸುತ್ತನ್ನು ಬಿಚ್ಚಿದೆ. ಹಿಸುಕಿದ ಕತ್ತುಗಳೊಳಗೆ ಮರದ ಗೂಟ ಹೊಡೆದು ಅಗಲಿಸಿದೆ. ಅವಳು ಬದುಕಿದ್ದಾಗ ಜ್ವರ ಬಂದು ಕೈ ಎತ್ತಲಾರದೆ ಮಲಗಿದ್ದ ದಿನಗಳಲ್ಲಿ ಅವಳ ತಲೆಗೂದಲಿನ ಸಿಕ್ಕು ಬಿಡಿಸಿದ್ದು ನಾನೇ. ಆಗ ಎಳೆದರೆ ನೋಯುತ್ತದೆ ಎಂದು ಕೈ ಹಗುರ ಮಾಡುತ್ತಿದ್ದೆ. ಇಲ್ಲಿ ಬಲವಾಗಿ ಎಳೆಯಲೇಬೇಕು, ಇಲ್ಲದಿದ್ದರೆ ತಾಮ್ರ ಕೇಳುವುದಿಲ್ಲ. ಕೊನೆಗೆ ಅದು ಬೇರೆ ಯಾವುದೇ ಕೊಳವೆಯ ಹಾಗೆ ಒಂದು ನೆಟ್ಟನೆಯ ಕೊಳವೆಯಾಯಿತು. ಬೇಕಾದಷ್ಟನ್ನು ಕೂಡಿಸಿ, ಬೆಸೆದು, ಮಿಕ್ಕ ತುಂಡನ್ನು ಎತ್ತಿಟ್ಟು, ಕೊಳವೆಯ ಮೇಲೆ ಬಾಲದಕೇರಿಯ ನಾರು ಸುತ್ತಿದೆ. ತೂಬನ್ನು ಹೆಚ್ಚಿಸುವ ಮೊದಲು ಇದ್ದಷ್ಟೇ ಎತ್ತಿಸಿದೆವು.

ಆಮೇಲೆ ಆದದ್ದನ್ನು ನಾನು ಎಣಿಸಿರಲಿಲ್ಲ. ನಮ್ಮ ಮನೆಯ ಮುಂದೆ ಸದ್ದಿರುವುದಿಲ್ಲ ಎಂದು ಗೊತ್ತಿತ್ತು. ಆದರೆ ಕೆಳಗಿನ ದರ್ಜಿಯ ಕತ್ತರಿಯೂ ಸುಮ್ಮನಿತ್ತು. ಸೆರಗೂ ಸುಮ್ಮನಿತ್ತು. ಗೂನುಬೆನ್ನು, ಮೊಣಕಾಲು, ಒಂದಾದ ಮೇಲೊಂದು ಸುಮ್ಮನಿದ್ದವು. ಮೊದಲ ಬಿಗಿತವಾಗಿದ್ದ ಜಡೆ ಹೋದದ್ದರಿಂದ ಕುಳಿರು ಒತ್ತಡ ಕಳೆದುಕೊಳ್ಳದೆ, ಕುದಿಯದೆ, ಕೊಳವೆಯ ತುಂಬ ಹರಿಯುತ್ತಿತ್ತು. ಕೆಳಗಿನ ಹಿಸುಕಿದ ಕತ್ತುಗಳು ಇಷ್ಟು ವರ್ಷದ ಹರಿವಿಗೆ ಸವೆದು ಅಗಲವಾಗಿದ್ದವು, ಜಡೆಯ ನೆರವಿಲ್ಲದೆ ಅದನ್ನು ಕುದಿಸುವಷ್ಟು ಬಲ ಅವಕ್ಕೆ ಉಳಿದಿರಲಿಲ್ಲ. ಎಲ್ಲ ಬಾಗುಗಳ ಮೇಲೂ ದಪ್ಪಗೆ ಮಂಜು ಕಟ್ಟಿತು. ಮೇಲುಬೀದಿಗೆ ಬೀದಿಯೇ ಮೂಕವಾಯಿತು.

ಜನ ನನ್ನ ಮನೆಯ ಮುಂದೆ ಸೇರಿದರು. ನಿನ್ನ ಹೆಂಡತಿಯನ್ನು ನೀನು ಸುಮ್ಮನಾಗಿಸಿಕೋ, ನಮ್ಮವರನ್ನು ಸುಮ್ಮನಾಗಿಸಲು ನೀನು ಯಾರು ಎಂದು ದರ್ಜಿಯ ಮಗ ನನ್ನ ಕತ್ತಿನ ಪಟ್ಟಿ ಹಿಡಿದ. ಅವನ ಅಪ್ಪನಿಗೆ ಬಾಯಿ ಕೊಟ್ಟಿದ್ದವನು ನಾನು, ಈಗ ಕಿತ್ತುಕೊಂಡವನೂ ನಾನೇ. ಮತ್ತೆ ಹಿಸುಕು, ಜಡೆಯಲ್ಲದಿದ್ದರೆ ಬೇರೇನಾದರೂ ಹಾಕು ಎಂದು ಕೂಗಾಡಿದರು. ಪರಮೇಶ್ವರಯ್ಯನವರು ಅಲ್ಲಿರಲಿಲ್ಲ. ಹುಡುಕಿದರೆ ತಾಯಿಯ ಬಾಗಿನ ಹತ್ತಿರ, ಕಿವಿ ತಾಕುವಷ್ಟು ಸಮೀಪ, ತುದಿಗಾಲಲ್ಲಿ ಕತ್ತು ಚಾಚಿ ನಿಂತಿದ್ದರು. ಕಿವಿ ಸುಟ್ಟುಹೋದೀತೆಂದು ನಾನು ಅವರ ತೋಳು ಹಿಡಿದು ಹಿಂದಕ್ಕೆ ಎಳೆದೆ. ಅವರ ಕೆನ್ನೆಯ ಮೇಲೆ ನೀರಿತ್ತು.

"ನಮ್ಮಮ್ಮನಿಗೆ ನಾನು ಚಿಕ್ಕೋನಿದ್ದಾಗ ಒಂದು ಅಭ್ಯಾಸ ಇತ್ತು," ಎಂದರು. ಅಷ್ಟು ಹೇಳಿ ಸುತ್ತ ನಿಂತವರನ್ನು ನೋಡಿ, ರೂಢಿ ಮುರಿದದ್ದು ನೆನಪಾಗಿ, ಬಾಯಿ ಮುಚ್ಚಿಕೊಂಡರು. ಆ ಅಭ್ಯಾಸ ಏನೆಂದು ಕೇಳಲು ಯಾರಿಗೂ ಧೈರ್ಯವಿರಲಿಲ್ಲ. ಎಲ್ಲರಿಗೂ ಕೇಳಬೇಕೆನಿಸಿದ್ದು ಮಾತ್ರ ಮುಖದಲ್ಲೇ ಕಾಣುತ್ತಿತ್ತು. ಅವರು, ಈ ಬೇಸಿಗೆ ಕಳೆಯುವ ತನಕ ಕೊಳವೆಗೆ ಯಾರೂ ಕೈ ಹಚ್ಚಕೂಡದು ಎಂದು ಹೇಳಿ ಮನೆಯೊಳಗೆ ಹೋದರು. ದರ್ಜಿಯ ಮಗ ಅಂದಿನಿಂದ ನನ್ನ ಹತ್ತಿರ ಮಾತಾಡಿಲ್ಲ.

ನಾನು ಮನೆಯಲ್ಲಿ ಕೂರಲಾರದೆ ಮಾರನೆಯ ದಿನ ಬಾಲದಕೇರಿಗೆ ಇಳಿದೆ. ನೆತ್ತಿಯ ಮೇಲೆ ಬಿಸಿಲು ಉರಿಯುತ್ತಿತ್ತು, ಆದರೆ ಕೇರಿಯಲ್ಲಿ ಒಂದು ಕೆಮ್ಮೂ ಇರಲಿಲ್ಲ. ಮಾರಕ್ಕನ ಮನೆಯಲ್ಲಿ ಲಚ್ಚಿ ಗೋಡೆಗೆ ಬೆನ್ನು ಕೊಟ್ಟು ಕೂತು, ಕಾಲಿನ ಹೆಬ್ಬೆರಳಿಗೆ ಎಳೆ ಸಿಕ್ಕಿಸಿಕೊಂಡು ನಾರು ಹೊಸೆಯುತ್ತಿತ್ತು. ಹೊದೆಯಲು ಒಂದು ಹರಕು ಕಂಬಳಿಯನ್ನೂ ಎಳೆದುಕೊಂಡಿತ್ತು. ಚೈತ್ರದ ಬಿಸಿಲಿನಲ್ಲಿ ಆ ಮನೆಯೊಳಗೆ ಒಂದು ಮಗುವಿಗೆ ಚಳಿಯಾಗುತ್ತಿತ್ತು. ನಾನು ಹಣೆ ಮುಟ್ಟಿ ನೋಡಿದೆ. ಎಲ್ಲ ಮಕ್ಕಳ ಹಣೆಯ ಹಾಗಿತ್ತು.

ಮಾರಕ್ಕ ಮಜ್ಜಿಗೆ ಕೊಟ್ಟಳು. ಕುಡಿದು ಲೋಟ ಇಡುವಾಗ, ಇನ್ನು ನಿಮ್ಮ ಕೊಳವೆಯಲ್ಲೂ ಕುಳಿರು ಇದೆ, ಸಾಕಿಗೆ ಒಂದು ಬಾಗು ಹಾಕಿಕೊಡಲೇ ಎಂದು ಕೇಳಿದೆ. ನನ್ನ ಕೈಯಲ್ಲಿದ್ದದ್ದು ಅದೊಂದೇ, ಕೊಡಲು ಬೇರೇನಿತ್ತು. ಅವಳು ತಣ್ಣನೆಯ ಗೋಡೆಯನ್ನು ಸವರಿದಳು. ಅವಳಿಗೆ ಆಸೆಯಾಯಿತು, ಅದು ನನಗೆ ಗೊತ್ತಾಯಿತು.

"ಬ್ಯಾಡ ಕಣಣ್ಣ. ನಮ್ ಕೆಳ್ಗೆ ಇನ್ನೂ ಮನೆ ಅವೆ. ಸಾಕಿ ಮಾತ ನಾವೇ ಆಡ್ಕೊಂತೀವಿ."

ಆಡಿಕೊಂಡರು ಕೂಡ. ಸಾಕಿಗೆ ಹುಣಸೆಹಣ್ಣು ಕದ್ದು ತಿನ್ನುವ ಚಾಳಿಯಿತ್ತಂತೆ, ಕೇಳಿದರೆ ಬಾಯಿ ತುಂಬ ಹುಳಿ ಇಟ್ಟುಕೊಂಡೇ ಇಲ್ಲ ಅನ್ನುತ್ತಿತ್ತಂತೆ. ಬಾಯಿ ತುಂಬ ಅಲ್ಲ, ಕೆನ್ನೆಯ ಒಂದೇ ಕಡೆ ಎಂದು ಲಚ್ಚಿ ತಿದ್ದಿತು. ಇಬ್ಬರೂ ಅದಕ್ಕೆ ಸ್ವಲ್ಪ ಜಗಳವಾಡಿದರು. ನಾನು ನೋಡೇ ಇರದ ಆ ಹುಡುಗಿ ಕೆನ್ನೆ ಉಬ್ಬಿಸಿಕೊಂಡು ಬಾಗಿಲಲ್ಲಿ ಬಂದು ನಿಂತಂತಾಯಿತು.

"ನಿಮ್ಮೋರ ಹೆಸ್ರೇನಣ್ಣ?" ಎಂದು ಮಾರಕ್ಕ ಕೇಳಿದಳು.

ಆ ಹೆಸರನ್ನು ಕರೆದು ಎಷ್ಟು ವರ್ಷವಾಗಿತ್ತೋ. ಹನುಮಕ್ಕ ಎಂದೆ. ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಇನ್ನೊಂದು ಸಲ, ಹನುಮಕ್ಕ ಎಂದೆ. ಹೇಗಿದ್ದರು ಎಂದು ಅವಳು ಕೇಳಿದಳು. ಬಹಳ ಮೆತ್ತನೆಯ ಮಾತು ಅವಳದು ಎಂದು ಹೇಳಲು ಬಾಯಿ ತೆರೆದೆ. ಇಷ್ಟು ವರ್ಷ ಪ್ರತಿ ಬೆಳಿಗ್ಗೆ ನಾನು ಕೇಳಿದ್ದು ಅದನ್ನೇ. ಆದರೆ ಆ ಮಾತು ಹೊರಗೆ ಬರುವ ಮೊದಲೇ ಸುಳ್ಳು ಎಂದು ಗೊತ್ತಾಯಿತು. ಹನುಮಕ್ಕ ಬದುಕಿದ್ದಾಗ ಒಂದು ದಿನವೂ ಮೆತ್ತಗೆ ಮಾತಾಡಿದವಳಲ್ಲ. ಅವಳು ಬಾಯಿ ತೆಗೆದರೆ ಮೂರು ಮನೆಯ ಆಚೆ ಕೇಳಿಸುತ್ತಿತ್ತು. ಪಿಸುಗುಡುವವಳು ಯಾರೋ, ಅವಳನ್ನು ನಾನೇ ತಾಮ್ರದಲ್ಲಿ ಮಾಡಿ ನಿಲ್ಲಿಸಿಕೊಂಡು, ನನ್ನ ಹೆಂಡತಿಯನ್ನು ಮರೆತು ಕೂತಿದ್ದೆ.

"ಜಗಳಗಂಟಿ," ಎಂದೆ. ಹೇಳುತ್ತಿದ್ದ ಹಾಗೆ ನಗು ಬಂತು. ಒಂದು ಸಲ ನಾನು ಅಡುಗೆಮನೆಯಲ್ಲಿ ಕೂತು ಮರಳು ಜರಡಿ ಹಿಡಿದೆ, ಅನ್ನದಲ್ಲೆಲ್ಲ ಮರಳು ಮಾಡಿದೆ ಎಂದು ಜರಡಿ ಕಿತ್ತುಕೊಂಡು ಬೀದಿಗೆ ಎಸೆದಳು, ಅದು ಚರಂಡಿ ದಾಟಿ ಎದುರುಮನೆಯ ಎಮ್ಮೆಯ ಮೇಲೆ ಹೋಗಿ ಬಿತ್ತು ಎಂದು ಹೇಳಿದೆ. ಲಚ್ಚಿ ಹೊಸೆಯುವುದನ್ನು ನಿಲ್ಲಿಸಿ ಕೇಳುತ್ತಿತ್ತು.

"ಜರಡಿ ಸಿಕ್ತಾ?"

"ಸಿಕ್ತು," ಎಂದೆ. "ಅವ್ಳೇ ಹೋಗಿ ಎತ್ಕೊಂಡ್ ಬಂದ್ಲು. ಬರೋವಾಗ್ಲೂ ನನ್ನ ಬೈಕೊಂಡೇ ಬಂದ್ಲು."